ಸ್ಟ್ಯಾಂಡಿನ ಕೆಳಗಿನ ಫರ್ಸಿ

೧೯೭೬ರ ಜುಲೈ ೧೮, ಭಾನುವಾರ. ಸಂಜೆ ಐದೂ ಮುಕ್ಕಾಲಿಗೆ ಚಿಂಚೋಳಿ ಠಾಣೆಯ ಮೆಟ್ಟಿಲು ಹತ್ತಿದವನ ಅಂಗಿಯಿಂದ ಮಳೆನೀರು ಸೋರುತ್ತಿತ್ತು. ಹೆಸರು ಶಹಾಬುದ್ದೀನ, ವಯಸ್ಸು ಇಪ್ಪತ್ತೊಂಬತ್ತು, ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲಿಗೆ ಪಾಲಿಶ್ ಮಾಡುವ ಕೆಲಸ. ಹೆಂಡತಿ ಖುರ್ಷಿದಬೇಗಂ ಕಾಣುತ್ತಿಲ್ಲ ಎಂದ.

ಸಬ್ ಇನ್‌ಸ್ಪೆಕ್ಟರ್ ಮಾಣಿಕಪ್ಪ ತಾವೇ ಕೇಳಿ ಬರೆದುಕೊಂಡರು.

"ಎಲ್ಲೆಲ್ಲಿ ಹೋಗಿದ್ರಿ?"

"ಮುಂಜಾನಿ ಏಳಕ್ಕ ಸ್ಕೂಟರ್ ಮ್ಯಾಲ ಬಿಟ್ಟೇವ್ರಿ. ವಾಡಿ, ಚಿತ್ತಾಪುರ ದಾಟಿ ಕಾಗಿಣಾ ಹೊಳಿ ನೋಡಿದೇವು. ಸೇಡಂದಾಗ ಚಹಾ ಕುಡದೇವು. ಇಲ್ಲಿ ಕಾಡಿನ ಜಲಪಾತ ನೋಡಬೇಕಂತ ಆಕಿ ಭಾಳ ದಿನದಿಂದ ಹಟ ಹಿಡದಿದ್ಲು."

"ನೋಡಿದ್ರೇನು?"

"ಇಲ್ರಿ ಸಾಹೇಬ್ರ. ಮಳಿ ಜೋರಿತ್ತು, ಕಾಡಿನ ಕಡಿ ಹೋಗಲೇ ಇಲ್ಲ. ಆಕೀನ ಬಸ್‌ಸ್ಟ್ಯಾಂಡಿನಾಗ ಕುಂದ್ರಿಸಿ ಪೆಟ್ರೋಲ್ ಹಾಕಸಾಕ ಹೋದೆ. ಬಂದು ನೋಡಿದ್ರ ಇಲ್ಲ." ಆಮೇಲೆ ತಲೆ ತಗ್ಗಿಸಿದ. "ಯಾರ್ದೋ ಸಂಗಾಟ ಆಕಿಂದು ನಡದಿತ್ತಂತ ಅನುಮಾನ ಅದ್ರಿ."

ಮಾಣಿಕಪ್ಪನವರಿಗೆ ಅವನ ಮೇಲೆ ಕನಿಕರ ಬಂತು. ಗಂಡನ ಮಾತು ನಂಬುವುದು ಎಷ್ಟು ಸುಲಭ! ಎದುರಾಡಲು ಹೆಂಡತಿ ಅಲ್ಲಿರುವುದಿಲ್ಲವಲ್ಲ. ಕಾಣೆಯಾದ ದೂರಿನ ಕೆಳಗೆ 'ಪರಪುರುಷನೊಂದಿಗೆ ಹೋಗಿರುವ ಸಾಧ್ಯತೆ' ಎಂದು ಬರೆದು, ಅವನನ್ನು ಊರಿಗೆ ಕಳಿಸಿ, ನಿಶ್ಚಿಂತೆಯಿಂದ ಚಹಾ ಕುಡಿದರು.

ಮರುದಿನ ಹತ್ತು ಗಂಟೆಗೆ, ಅಳಿಯನಿಂದ ಸುದ್ದಿ ತಿಳಿದು, ಖುರ್ಷಿದಳ ತಾಯಿ ಅಮೀರ್ಬೀ ಬಂದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಸಾಹೇಬ್ರ, ನನ್ನ ಮಗಳು ಸತ್ತಿದ್ರ ಸತ್ತಾಳಂತ ಬರೀರಿ. ಓಡಿ ಹೋಗ್ಯಾಳಂತ ಬರೀಬ್ಯಾಡ್ರಿ. ಓಣ್ಯಾಗ ಆಗಲೇ ಆಡ್ಕೊಳ್ಳಾಕತ್ತಾರ."

"ತನಿಖಿ ನಡದದ ಅಮ್ಮಾ. ಹೊರಗ ಕುಂದ್ರಿ."

ಊರ ಬಾಯಿಗೆ ಬೀಗ ಹಾಕಲು ಯಾವ ಪೊಲೀಸನಿಂದ ಆದೀತು? ಆಕೆ ಹೊರಗೆ ಹೋದ ಮೇಲೆ ಹೆಡ್ ಕಾನ್‌ಸ್ಟೇಬಲ್ ಚಂದ್ರಾಮ ಬಾಗಿಲು ಮುಂದೆ ಮಾಡಿ ಹತ್ತಿರ ಬಂದ. ಅವನು ಶಹಾಬಾದಿನ ಮಗ್ಗುಲಿನ ಭಂಕೂರದವನು. ಅಪ್ಪ, ಅಜ್ಜ ಎಲ್ಲ ಕಲ್ಲಿನ ಕೆಲಸದಲ್ಲೇ ಸವೆದವರು.

"ಸಾಹೇಬ್ರ, ನಿನ್ನೆ ಅಂವ ಅಂಗಳದಾಗ ಸ್ಕೂಟರ್ ನಿಂದ್ರಸಾಕ ಪಡಬಾರದ ಪಾಡು ಪಟ್ಟ. ಸ್ಟ್ಯಾಂಡ್ ಕೆಸರಿನ ರಾಡ್ಯಾಗ ಹೂತು ಹೋತು. ಡಿಕ್ಕಿ ತೆಗದು ಕೈಯಾಡಿಸಿದ. ಏನೂ ಸಿಗಲಿಲ್ಲ. ಕಡೀಕ ಗ್ವಾಡಿಗೆ ಆನಿಸಿ ಒಳಗ ಬಂದ."

"ಅದಕ್ಕೇನೀಗ?"

"ಮಳಿಗಾಲದಾಗ ನಮ್ಮ ಕಡಿಯಾಂವ ಯಾವನೂ ಫರ್ಸಿ ತುಂಡು ಇಲ್ಲದ ಗಾಡಿ ಹೊರಗ ತೆಗಿಯೂದಿಲ್ರಿ. ಎರಿಮಣ್ಣಿನಾಗ ಸ್ಟ್ಯಾಂಡ್ ಬುಡಕ ಇಡಾಕ ಅದು ಬೇಕೇ ಬೇಕು. ಅಂವ ಹುಡುಕಿದ್ದು ಅದನ್ನೇ. ತಂದಾನ, ಎಲ್ಲೋ ಬಿಟ್ಟಾನ."

"ಹೊಳಿ ಹತ್ರ ಬಿಟ್ಟಿರಬೇಕು."

"ಹೊಳಿ ಹತ್ರ, ಸೇಡಂದಾಗ, ಬಸ್‌ಸ್ಟ್ಯಾಂಡಿನಾಗ ಎಲ್ಲಾ ಡಾಂಬರ್ ರೋಡ್ ಅದ್ರಿ. ಫರ್ಸಿ ಬೇಕಾಗೂದು ಕಾಡಿನ ದಾರ್ಯಾಗ."

ಹೋಗಲೇ ಇಲ್ಲ ಎಂದಿದ್ದನಲ್ಲ! ಮಾಣಿಕಪ್ಪ ಟೋಪಿ ಎತ್ತಿಕೊಂಡರು.

ಮಧ್ಯಾಹ್ನ ಒಂದೂ ಇಪ್ಪತ್ತಕ್ಕೆ ಜೀಪು ಜಲಪಾತದ ನೆತ್ತಿಯ ಬಯಲಿಗೆ ಬಂತು. ನೀರು ಬೀಳುವ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಚಂದ್ರಾಮ ಬಗ್ಗಿ ಕೈ ಮಾಡಿ ತೋರಿಸಿದ. ಕೆಸರಿನಲ್ಲಿ ಮೊಳದುದ್ದದ ಫರ್ಸಿ ತುಂಡು, ಒಂದು ಮಗ್ಗುಲು ಪಾಲಿಶ್, ಅದರ ಮೇಲೆ ಸ್ಟ್ಯಾಂಡಿನ ಎರಡು ಕಾಲು ಗೀರಿದ ಗುರುತು. ನಾಲ್ಕು ಹೆಜ್ಜೆ ಮುಂದೆ, ಬಂಡೆಯ ಅಂಚಿನಲ್ಲಿ ಹಸಿರು ಬಳೆಯ ಚೂರು. ಮಾಣಿಕಪ್ಪ ಅಂಚಿಗೆ ಬಂದು ಕೆಳಗೆ ಇಣುಕಿದರು.

ಕೆಳಗಿನ ಮಡುವಿನಲ್ಲಿ, ಬಿದ್ದ ಮರದ ಬೇರಿಗೆ ಸಿಕ್ಕಿಕೊಂಡಿದ್ದ ಹೆಣವನ್ನು ಹತ್ತಿರದ ಲಂಬಾಣಿ ತಾಂಡಾದ ಜನ ಎತ್ತಿ ತಂದರು. ಎರಡೂ ರಟ್ಟೆಯ ಮೇಲೆ ಬೆರಳು ಒತ್ತಿದ ಕಲೆಗಳಿದ್ದವು. ಇಬ್ಬರು ಪಂಚರ ಸಮಕ್ಷಮ ಮೂರೂ ಹತ್ತರಿಂದ ನಾಲ್ಕೂ ನಲವತ್ತರವರೆಗೆ ಪಂಚನಾಮೆ ನಡೆಯಿತು. ಓಡಿಹೋಗಿದ್ದಾಳೆಂದು ಬರೆದ ಕೈಯಲ್ಲೇ ಮಾಣಿಕಪ್ಪ ಅದಕ್ಕೂ ಸಹಿ ಹಾಕಬೇಕಾಯಿತು. ಆ ರಾತ್ರಿಯೇ ಕೊಲೆಯ ಎಫ್‌ಐಆರ್ ದಾಖಲಾಯಿತು.

ಜುಲೈ ೨೦, ಬೆಳಿಗ್ಗೆ ಹನ್ನೊಂದಕ್ಕೆ ಶಹಾಬಾದ. ಶಹಾಬುದ್ದೀನನ ಅಡಿಗೆಮನೆಯ ಕಟ್ಟೆಗೆ ಹಾಸಿದ ಫರ್ಸಿಯ ಒಂದು ಮೂಲೆ ಒಡೆದಿತ್ತು. ಚಂದ್ರಾಮ ತುಂಡನ್ನು ಅಲ್ಲಿ ಹೊಂದಿಸಿದ. ನಡುವೆ ಉಗುರು ತೂರಲಿಲ್ಲ.

"ಇದು ಯಾರದು?" ಮಾಣಿಕಪ್ಪ ಕೇಳಿದರು.

ಶಹಾಬುದ್ದೀನ ಕಲ್ಲಿನ ಒಡೆದ ಅಂಚಿನ ಮೇಲೆ ಬೆರಳಾಡಿಸಿದ. "ಕೈ ರೂಢಿ ಸಾಹೇಬ್ರ. ಸ್ಟ್ಯಾಂಡ್ ಬುಡಕ ಇಟ್ಟಿದ್ದೇ ನೆನಪಿರಲಿಲ್ಲ."

ಹನ್ನೊಂದೂವರೆಗೆ ಬಂಧಿಸಿದರು. ಹೇಳಿಕೆ ಉದ್ದವೇನೂ ಇರಲಿಲ್ಲ. ಮದುವೆಯಾಗಿ ಐದು ವರ್ಷ, ಮಕ್ಕಳಿಲ್ಲ. ಮೇ ತಿಂಗಳಲ್ಲಿ ಗುಲ್ಬರ್ಗಾದ ಡಾಕ್ಟರೊಬ್ಬರು ಇಬ್ಬರನ್ನೂ ಪರೀಕ್ಷಿಸಿ, ದೋಷ ಅವನಲ್ಲಿದೆ ಎಂದಿದ್ದರು. ಖುರ್ಷಿದ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಬಂಜೆ ಅನ್ನಿಸಿಕೊಂಡೇ ಓಡಾಡಿದಳು. ಅಷ್ಟರಲ್ಲಿ ಅವನ ತಾಯಿ ವಾಡಿಯ ಹುಡುಗಿಯೊಬ್ಬಳ ಜೊತೆ ಮಗನಿಗೆ ಎರಡನೇ ನಿಕಾಹ್ ಗೊತ್ತು ಮಾಡಿದಳು. ಅವನು ಹೂಂ ಅಂದ. ಜಲಪಾತದ ನೆತ್ತಿಯ ಮೇಲೆ ನಿಂತು ನೀರು ನೋಡಿ ನಕ್ಕು, ಖುರ್ಷಿದ ಹೇಳಿದಳಂತೆ: "ಆ ಹುಡುಗಿಗೂ ನನ್ನ ಗತಿ ತರಬ್ಯಾಡ. ನಿನ್ನ ಅಮ್ಮಿ ಮುಂದ ಖರೇ ಹೇಳು. ನೀ ಹೇಳದಿದ್ರ ನಾ ಹೇಳ್ತೀನಿ."

ಅಷ್ಟಕ್ಕೇ ಅವನು ಅವಳ ಎರಡೂ ರಟ್ಟೆ ಹಿಡಿದು ಕೆಳಗೆ ತಳ್ಳಿದ್ದ. ತಾನು ಗಂಡಸಲ್ಲ ಎಂದು ನಾಲ್ಕು ಜನ ಅನ್ನುವುದಕ್ಕಿಂತ ಹೆಂಡತಿಯ ಸಾವೇ ಅವನಿಗೆ ಹಗುರವಾಗಿ ಕಂಡಿತ್ತು.

ಸಂಜೆ ಅಮೀರ್ಬೀ ಠಾಣೆಯಲ್ಲಿ ಕಾದಿದ್ದಳು.

"ಓಡಿ ಹೋಗ್ಯಾಳ ಅನ್ನೂದು ಅಳಸಿದ್ರೇನು ಸಾಹೇಬ್ರ?"

"ಅಳಸಾಕ ಬರೂದಿಲ್ಲಮ್ಮಾ. ಅದರ ಕೆಳಗ, ನಾ ಬರದಿದ್ದು ತಪ್ಪು ಅಂತ ಬರದು ಸಹಿ ಹಾಕೀನಿ." ಮಾಣಿಕಪ್ಪ ತಡೆತಡೆದು ಉಳಿದದ್ದನ್ನೂ ಹೇಳಿದರು, ಡಾಕ್ಟರು ಹೇಳಿದ್ದನ್ನು ಸಹ.

ಆಕೆ ಅಳಲಿಲ್ಲ. ಚಂದ್ರಾಮ ನೀರು ಕೊಟ್ಟ. ಲೋಟ ಕೈಯಲ್ಲೇ ಉಳಿಯಿತು.

"ಹೋದ ತಿಂಗಳ ತವರಿಗೆ ಬಂದಿದ್ಲು," ಎಂದಳು. "ನೀ ಬಂಜಿ, ಗಂಡ ಇನ್ನೊಂದು ಮಾಡ್ಕೊಂಡ್ರ ಬಾಯಿ ಮುಚ್ಕೊಂಡಿರು ಅಂತ ನಾನೇ ಬೈದಿದ್ದೆ. ಆಗಲೂ ಆಕಿ ಹೇಳಲಿಲ್ಲ ನೋಡ್ರಿ." ಲೋಟವನ್ನು ಮೇಜಿನ ಮೇಲೆ ಇಟ್ಟಳು. "ನಿಮ್ಮ ತಪ್ಪು ನೀವು ಬರದ್ರಿ. ನಂದು ಎಲ್ಲಿ ಬರಸ್ಲಿ?"

ಚಂದ್ರಾಮ ಆಕೆಯನ್ನು ಕೊನೆಯ ಬಸ್ಸಿಗೆ ಹತ್ತಿಸಿ ಬಂದ.