ಮೂರನೇ ಮೇಜಿನ ಕಿರುಬೆರಳು

"ಕೀಬೋರ್ಡಿಂದ ಕೈ ತೆಗೀರಿ!"

ಅವನು ಅಷ್ಟು ಜೋರಾಗಿ ಹೇಳಬೇಕಿರಲಿಲ್ಲ. ಇಡೀ ಕೋಣೆ ತಿರುಗಿ ನೋಡಿತು. ಮೂರನೇ ಮೇಜಿನವಳ ಮುಖ ಕೆಂಪಗಾಯಿತು.

"ಯಾಕ್ರೀ? ನನ್ನ ಕೈ ಏನ್ ಪಾಪ ಮಾಡಿದೆ?"

"ಅಯ್ಯೋ, ಹಾಗಲ್ಲ... ನೀವು ಮುಟ್ಟೋ ಮೊದ್ಲು ನಾನೊಂದ್ಸಲ ನೋಡ್ಬೇಕು."

ನೋಡ್ಬೇಕಂತೆ! ನನ್ನ ಮೇಲೆ ಚಾಡಿ ಬರೆದು ಕೊಟ್ಟಾಯ್ತಲ್ಲ, ಇನ್ನೇನು ನೋಡೋದು ಉಳಿದಿದೆ?

ಔಷಧಿ ಪೊಟ್ಟಣದೊಳಗೆ ಮಡಚಿಡುವ ಮಾಹಿತಿ ಚೀಟಿಗಳನ್ನು ಸಿದ್ಧಪಡಿಸುವ ಕಚೇರಿ ಅದು. ಚೀಟಿಗಳನ್ನು ತಿದ್ದುವುದು ಅವಳ ಕೆಲಸ. ಎರಡು ವಾರದಲ್ಲಿ ಎರಡು ಸಲ, ಅವಳು ತಿದ್ದಿದ ಚೀಟಿಯಿಂದ ಒಂದೊಂದು ಸಾಲು ಮಾಯವಾಗಿತ್ತು. ಎರಡನೆಯದು "ಗರ್ಭಿಣಿಯರು ಸೇವಿಸಬಾರದು" ಎಂಬ ಸಾಲು. ಹುಡುಗಾಟವೇ? ಮುದ್ರಣಕ್ಕೆ ಹೋಗುವ ಮುಂಚೆ ಕಣ್ಣಿಗೆ ಬಿತ್ತು, ಪುಣ್ಯ!

ಇವತ್ತು ಮೂರು ಗಂಟೆಗೆ ಅವಳ ಕೆಲಸದ ತೀರ್ಮಾನ. "ಈ ಸಲ ಕೆಲ್ಸ ಹೋದ್ರೆ ಸೀದಾ ಮನೆಗೆ ಬಾ. ಭಾವನ ಅಂಗಡೀಲಿ ಕೂತ್ಕೋ," ಎಂದು ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ಆಗಲೇ ಎರಡು ಗಂಟೆ ಹತ್ತು ನಿಮಿಷ.

ಇವನು ಕಚೇರಿಯ ಕಂಪ್ಯೂಟರ್ ರಿಪೇರಿಯವನು. ಎಲ್ಲರ ಬಾಯಲ್ಲೂ 'ಡಾಕ್ಟರ್'. ಮೂರು ವಾರದ ಹಿಂದೆ ಕಪಾಟಿನ ಬಾಗಿಲಿಗೆ ಅವಳ ಬಲಗೈ ಕಿರುಬೆರಳು ಸಿಕ್ಕಿಕೊಂಡಾಗ ಓಡಿಬಂದು ಒದ್ದೆ ಕರವಸ್ತ್ರ ಸುತ್ತಿದ್ದವನು ಇವನೇ. ಅಂದಿನಿಂದ ಅವಳ ಮನಸ್ಸು ಅವಳ ಮಾತು ಕೇಳುತ್ತಿರಲಿಲ್ಲ.

ಆಮೇಲೆ ಕಚೇರಿಯ ಮುಖ್ಯಸ್ಥೆ ಮೇಡಂ ಅವರ ಮೇಜಿನ ಮೇಲೆ ಅವನ ವರದಿ ಕಂಡಿತು. "ಒಂದೇ ಕೀಲಿಯನ್ನು ಎರಡು ಸಲ ಒತ್ತಲಾಗಿದೆ." ಅಷ್ಟೇ!

ತಪ್ಪೆಲ್ಲ ನನ್ನ ತಲೆಗೆ ಕಟ್ಟಿಬಿಟ್ಟ... ಕರವಸ್ತ್ರ ಸುತ್ತಿದ ಅದೇ ಕೈಯಲ್ಲಿ!

"ಎರಡು ಸಲ ಯಾಕೆ ಒತ್ತಿದ್ರಿ?" ಅವನು ಕುರ್ಚಿ ಎಳೆದುಕೊಂಡು ಕೇಳಿದ.

"ಮೊದಲನೇ ಸಲ ಏನೂ ಆಗ್ಲಿಲ್ಲ, ಅದಕ್ಕೆ! ಇದನ್ನ ಯಾರಾದ್ರೂ ಕೇಳಿದ್ರಾ?"

ಅವನು ಬೆಚ್ಚಿದ. "ಏನೂ ಆಗ್ಲಿಲ್ವಾ? ಒತ್ತಿ ತೋರ್ಸಿ."

ಅವರು ಚೀಟಿ ತಿದ್ದುವ ಎಡಿಟರ್ ತಂತ್ರಾಂಶಕ್ಕೆ ಎರಡು ಮೋಡ್, ಅಂದರೆ ಎರಡು ಸ್ಥಿತಿ. ಬರೆಯುವ ಮೋಡ್‌ನಲ್ಲಿ ಕೀಲಿ ಒತ್ತಿದರೆ ಅಕ್ಷರ ಮೂಡುತ್ತದೆ. ಆಜ್ಞೆಯ ಮೋಡ್‌ನಲ್ಲಿ ಅದೇ ಕೀಲಿ ಒಂದು ಕೆಲಸ ಮಾಡುತ್ತದೆ. ಅಲ್ಲಿ 'ಯು' ಒತ್ತಿದರೆ ಕೊನೆಯ ಬದಲಾವಣೆ ರದ್ದು.

ಅವಳು 'ಯು' ಒತ್ತಿದಳು. ಪರದೆ ಅಲುಗಲಿಲ್ಲ. ಒಂದು ಸೆಕೆಂಡ್ ಕಳೆದ ಮೇಲೆ ಬದಲಾವಣೆ ರದ್ದಾಯಿತು.

"ನೋಡಿದ್ರಾ? ಕಾದು ಕಾದು ಮತ್ತೆ ಒತ್ತಿದ್ರೆ ಎರಡು ಬದಲಾವಣೆ ಹೋಗತ್ತೆ. ಬೇಡದ್ದರ ಜೊತೆ ಬೇಕಾದ ಸಾಲೂ!"

ಸೆಟ್ಟಿಂಗ್ಸ್ ಕಡತವನ್ನು ಓದದಂತೆ ಮಾಡಿ ಅವನು ಎಡಿಟರ್ ತೆರೆದ. ಅವಳು 'ಯು' ಒತ್ತಿದಳು. ತಟ್ಟನೆ ರದ್ದಾಯಿತು!

"ಕೀಬೋರ್ಡ್ ತಪ್ಪಲ್ಲ. ನಿಮ್ಮ ಬೆರಳಿನ ತಪ್ಪಂತೂ ಅಲ್ವೇ ಅಲ್ಲ," ಎಂದ ಅವನು. "ಸೆಟ್ಟಿಂಗ್ಸ್‌ನಲ್ಲೇ ಏನೋ ಇದೆ. ಅರ್ಧರ್ಧ ತೆಗೆದು ನೋಡೋಣ."

ನೂರಿಪ್ಪತ್ತು ಸಾಲು. ಮೇಲಿನ ಅರ್ಧ ತೆಗೆದರೂ ತಡ. ಉಳಿದದ್ದರಲ್ಲಿ ಅರ್ಧ ತೆಗೆದರು, ಇನ್ನೂ ತಡ. ಹದಿನೈದು ಸಾಲಿಗೆ ಬಂದಾಗ ಅವನು ಒಂದೇ ಸಮನೆ ಪರದೆ ನೋಡುತ್ತಾ ಕುಳಿತುಬಿಟ್ಟ.

ಎರಡು ಐವತ್ತು.

"ಏನಾಯ್ತು? ಮುಂದುವರೀರಿ!"

ಅಲ್ಲಿ ಕಂಡ ಸಾಲನ್ನು ಸದ್ದಿಲ್ಲದೆ ಅಳಿಸಿಬಿಡಬಹುದಿತ್ತು ಅವನು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೈ ಅಳಿಸುವ ಕೀಲಿಯ ತನಕ ಹೋಗಿತ್ತು ಕೂಡ.

ಅವನು ಪರದೆಯನ್ನು ಅವಳ ಕಡೆ ತಿರುಗಿಸಿದ.

'ಯು' ಆದಮೇಲೆ 'ಜೆ' ಒತ್ತಿದರೆ ಕಡತ ಸೇವ್ ಆಗಲಿ ಎಂಬ ಆಜ್ಞೆ ಅಲ್ಲಿತ್ತು. ಅದರ ಮೇಲೊಂದು ಟಿಪ್ಪಣಿ: "ಮೂರನೇ ಮೇಜಿನ ಕಿರುಬೆರಳಿಗೆ. ನೋವಾಗದಿರಲಿ." ದಿನಾಂಕ, ಬಾಗಿಲಿಗೆ ಬೆರಳು ಸಿಕ್ಕಿದ ಮರುದಿನದ್ದು.

"ಸೇವ್ ಮಾಡೋಕೆ ಕಿರುಬೆರಳು ಬೇಕಲ್ವಾ..." ಅವನು ಕೀಬೋರ್ಡಿನ ಬಲತುದಿಯ ಕೀಲಿಗಳನ್ನು ತೋರಿಸಿದ. "'ಯು', 'ಜೆ' ಎರಡಕ್ಕೂ ತೋರುಬೆರಳೇ ಸಾಕು. ಆದ್ರೆ ಈಗ 'ಯು' ಒತ್ತಿದ್ರೆ ಅದರ ಹಿಂದೇನೇ 'ಜೆ' ಬರತ್ತೇನೋ ಅಂತ ಅದು ಕಾಯತ್ತೆ. ನನ್ನ ಕಂಪ್ಯೂಟರಲ್ಲಿ ಕಾಯೋ ಹೊತ್ತು ತೀರಾ ಕಡಿಮೆ ಇಟ್ಕೊಂಡಿದ್ದೀನಿ, ಅಲ್ಲಿ ಗೊತ್ತೇ ಆಗ್ಲಿಲ್ಲ. ನಿಮ್ಮದ್ರಲ್ಲಿ ಪೂರ್ತಿ ಒಂದು ಸೆಕೆಂಡ್. ತಪ್ಪು ನಂದು. ನಾನೇ ಹೇಳ್ತೀನಿ."

ಅವಳು ಆ ಟಿಪ್ಪಣಿಯನ್ನೇ ಮತ್ತೆ ಓದಿದಳು. ಇಷ್ಟು ದಿನ ಇವನನ್ನು ಬೈದುಕೊಂಡೆನಲ್ಲಾ! ಹಾಗಂತ ಕೋಪ ಇಲ್ಲವೇ? ಅದೂ ಇತ್ತು.

ಮೂರಕ್ಕೆ ಸರಿಯಾಗಿ ಮೇಡಂ ಬಂದರು. ಅವನು ನಿಂತುಕೊಂಡೇ ಎಲ್ಲವನ್ನೂ ಒಪ್ಪಿಸಿದ. ಮೇಡಂ ಟಿಪ್ಪಣಿಯನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

"ಕೇಳದೆ ಬೇರೆಯವರ ಕಂಪ್ಯೂಟರಿಗೆ ಕೈ ಹಾಕಿದ್ದೀಯ. ಕೆಲಸದಿಂದ ತೆಗೀಬೇಕು ನಿನ್ನ!"

"ಹೌದು ಮೇಡಂ."

"ಮೇಡಂ!" ಅವಳು ಎದ್ದು ನಿಂತಳು. "ಅವರು ಅಳಿಸಿಬಿಡಬಹುದಿತ್ತು, ಅಳಿಸ್ಲಿಲ್ಲ. ಇಂಥವರು ಹೋದ್ರೆ ಇಲ್ಲಿ ಉಳಿಯೋರು ಯಾರು?"

ಮೇಡಂ ಇಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ನೋಡಿದರು. "ಸರಿ. ಈ ಮೂರು ವಾರದ ಚೀಟಿಗಳನ್ನೆಲ್ಲ ಇಬ್ರೂ ಕೂತು ಮತ್ತೆ ಓದಿ. ಅವನು ಗಟ್ಟಿಯಾಗಿ ಓದ್ಲಿ, ನೀನು ತಾಳೆ ನೋಡು. ಒಂದು ಸಾಲು ತಪ್ಪಿದ್ರೂ ಇಬ್ರಿಗೂ ಇದೆ!"

ಅವರು ಹೋದ ಮೇಲೆ ಅವಳು ಕುರ್ಚಿಯಲ್ಲಿ ಕುಸಿದಳು. ಕೆಲಸ ಉಳಿದಿತ್ತು.

"ನನ್ನನ್ನ ಕೇಳ್ದೆ ಯಾಕೆ ಮಾಡಿದ್ರಿ?"

"ಕೇಳೋಕೆ ಧೈರ್ಯ ಬರ್ಲಿಲ್ಲ. ಮಾಡಿದ್ಮೇಲೆ ಹೇಳೋಕೂ ಬರ್ಲಿಲ್ಲ."

"ಬೆರಳಿನ ವಿಷಯ ಕೇಳೋಕೂ ಧೈರ್ಯ ಬೇಕಾ?"

"ಬೆರಳಿಂದ ಶುರು ಮಾಡಿದ್ರೆ... ಎಲ್ಲಾನೂ ಕೇಳಿಬಿಡ್ತಿದ್ದೆ."

ಅವಳು ಕುರ್ಚಿಯನ್ನು ಅವನ ಕಡೆ ತಿರುಗಿಸಿದಳು. "ಹಾಗಾದ್ರೆ ಈಗ ಕೇಳಿ."

"ನಾನಂದ್ರೆ... ನಿಮಗೆ ಇಷ್ಟಾನಾ?"

ಅವಳು ಮಾತಾಡಲಿಲ್ಲ. ಅವನ ಹಣೆಯಲ್ಲಿ ಬೆವರು ಮೂಡಿತು.

"ಯಾಕೆ ಸುಮ್ನಿದ್ದೀರಿ?"

"ಒಂದು ಸೆಕೆಂಡ್ ಕಾಯೋದು ಹೇಗಿರತ್ತೆ ಅಂತ ನಿಮಗೂ ಗೊತ್ತಾಗ್ಲಿ ಅಂತ!" ಅವಳ ಕಣ್ಣು ತುಂಬಿ ಬಂದಿತ್ತು. "ಹೂಂ ಕಣ್ರೀ... ತುಂಬಾ ಇಷ್ಟ."