ಅಂಬಾಸಡರಿಗೆ ಎರಡು ರಿಲೇ

ಕಾರಿನ ದೀಪಗಳು ಏಕೆ ಮಂಕಾಗಿವೆ ಎಂಬುದು ಸಿದ್ಧಾರೂಢನಿಗೆ ಎರಡು ವರ್ಷಗಳ ಹಿಂದೆ, ಮೊದಲ ದಿನವೇ ಗೊತ್ತಾಗಿತ್ತು.

ಬೈಲಹೊಂಗಲದಲ್ಲಿ ಅವನದೊಂದು ಆಟೋ ಎಲೆಕ್ಟ್ರಿಕ್ ಅಂಗಡಿ. ಹಿಂದೆಯೇ ಮನೆ, ಮನೆಯಲ್ಲಿ ವಿಧವೆ ಅಕ್ಕ ತಾಯವ್ವ. ಅವನು ಐವತ್ತರ ಅಂಚಿನ, ಮದುವೆಯಾಗದ ಮನುಷ್ಯ. ಸುಳ್ಳು ರಿಪೇರಿ ಮಾಡದವನೆಂದು ಊರಲ್ಲಿ ಹೆಸರು.

ಯರಗಟ್ಟಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ರಾಜೇಶ್ವರಿ, ತೀರಿಹೋದ ತಂದೆಯ ಬಿಳಿ ಅಂಬಾಸಡರನ್ನು ಅಂದು ಅವನ ಶೆಡ್ಡಿಗೆ ತಂದು ನಿಲ್ಲಿಸಿದ್ದಳು. ಬ್ಯಾಟರಿಯಲ್ಲಿ ಹನ್ನೆರಡು ವೋಲ್ಟ್ ಇದ್ದದ್ದು ದೀಪ ಮುಟ್ಟುವಷ್ಟರಲ್ಲಿ ಹತ್ತಕ್ಕೆ ಇಳಿಯುತ್ತಿತ್ತು. ನಲವತ್ತು ವರ್ಷದ ಸಣ್ಣ ತಂತಿಯಲ್ಲಿ, ಸವೆದ ಸ್ವಿಚ್ಚಿನಲ್ಲಿ, ಬೆಳಕು ದಾರಿಯಲ್ಲೇ ದಣಿಯುತ್ತಿತ್ತು. ಎರಡು ರಿಲೇ ಕೂಡಿಸಿ ಬ್ಯಾಟರಿಯಿಂದ ನೇರವಾಗಿ ದಪ್ಪ ವೈರು ಎಳೆದರೆ ಮುಗಿಯುವ ಕೆಲಸ. ಆಮೇಲೆ ಸ್ವಿಚ್ಚು ಭಾರ ಹೊರಬೇಕಿಲ್ಲ. ಸನ್ನೆ ಮಾಡಿದರೆ ಸಾಕು, ರಿಲೇ ದೀಪ ಹೊತ್ತಿಸುತ್ತದೆ.

ಅವನು ಅದನ್ನು ಮಾಡಲಿಲ್ಲ. ಟರ್ಮಿನಲ್ ಒರೆಸಿ, "ಒಂದು ತಿಂಗಳು ನೋಡ್ರಿ" ಎಂದ.

ಆಕೆ ತಿಂಗಳಿಗೊಂದು ಶನಿವಾರ ಬಂದಳು. ಬೆಳಗಿನ ಸಾಲೆ ಮುಗಿಸಿ, ಬೆರಳ ತುದಿಯಲ್ಲಿ ಸುಣ್ಣದಕಡ್ಡಿಯ ಬಿಳುಪನ್ನು ಹಾಗೆಯೇ ಉಳಿಸಿಕೊಂಡು. ತಾಯವ್ವ ಕೊಟ್ಟ ಚಹಾ ಕುಡಿದಳು. ದೀಪ ನಂಬುವಂತಿಲ್ಲವೆಂದು ಐದಕ್ಕೆ ಸರಿಯಾಗಿ ಎದ್ದು ಹೋದಳು. ಹೀಗೆ ಎರಡು ವರ್ಷ.

"ತಮ್ಮಾ, ಊರ ಗಾಡಿ ಎಲ್ಲಾ ರಿಪೇರಿ ಆಗತಾವು, ಅದೊಂದ ಯಾಕ ಆಗವಲ್ದೋ?" ಎಂದು ತಾಯವ್ವ ಒಮ್ಮೆ ಕೇಳಿದ್ದಳು. ಅವನು ಮೀಟರನ್ನು ನೋಡುತ್ತ ಕುಳಿತಿದ್ದ.

ಈ ಶನಿವಾರ ಕಾರು ಬಂದಾಗ ಎಡಗಡೆಯ ಕನ್ನಡಿಯ ಸಂದಿನಲ್ಲಿ ಕಬ್ಬಿನ ಗರಿಯೊಂದು ಸಿಕ್ಕಿಕೊಂಡಿತ್ತು.

"ಏನಾತ್ರಿ ಟೀಚರ್?"

"ಬುಧವಾರ ಸವದತ್ತಿಯೊಳಗ ಮೀಟಿಂಗ್ ತಡಾ ಆತ್ರಿ. ಬರೂವಾಗ ಕಬ್ಬಿನ ಟ್ರ್ಯಾಲಿ ನಿಂತದ್ದ ಕಾಣಲಿಲ್ಲ. ಕಬ್ಬ ತಾಗೇತಿ, ಟ್ರ್ಯಾಲಿ ತಾಗಿಲ್ಲ." ಆಕೆ ನಗುತ್ತಲೇ ಹೇಳಿದಳು, ಕಣ್ಣು ಮಾತ್ರ ಅವನ ಮುಖದ ಮೇಲೆಯೇ ಇತ್ತು.

ಅವನು ಗರಿಯನ್ನು ಬಿಡಿಸಿ, ಮಡಿಚಿ ಅಂಗಿಯ ಜೇಬಿಗಿಟ್ಟ.

"ಇವತ್ತ ರಿಲೇ ಕೂಡಸತೇನ್ರಿ."

ಬ್ಯಾಟರಿಯ ವೈರು ಕಳಚಿ ಕೆಲಸಕ್ಕೆ ಕುಳಿತ. ರಿಲೇಗಳನ್ನು ರೇಡಿಯೇಟರಿನ ಬದಿಗೆ ಸ್ಕ್ರೂ ಮಾಡಿದ, ನಡುವೆ ಫ್ಯೂಸ್ ಇಟ್ಟ. ಆಕೆ ತೆರೆದ ಬಾನೆಟ್ಟಿನ ಕೆಳಗೆ ಬಾಗಿ ಟಾರ್ಚ್ ಹಿಡಿದಳು. ಟಾರ್ಚಿನ ಬೆಳಕು ವೈರಿನಿಂದ ಜಾರಿ ಆಗಾಗ ಅವನ ಮುಖಕ್ಕೆ ಬೀಳುತ್ತಿತ್ತು.

"ಬೆಳಕ ಇಲ್ಲಿ ಬೇಕ್ರಿ."

"ವೈರ್ ಸುಲಿಯೂವಾಗ ನಾಲಿಗಿ ಯಾಕ ಕಚ್ಚತೀರಿ? ಪರೀಕ್ಷಾದಾಗ ನನ್ನ ಹುಡುಗರು ಹಿಂಗ ಕುಂತಿರತಾರ."

ಅವನು ನಗಲಿಲ್ಲ. ಎಲ್ಲ ಬಿಗಿದ ಮೇಲೆ, "ಕುಂತು ಲೈಟ್ ಹಾಕ್ರಿ" ಎಂದ.

ಕಟ್ ಎಂಬೊಂದು ಸಪ್ಪಳ. ಶೆಡ್ಡಿನ ಒಳಗೋಡೆ ಬೆಳ್ಳಗಾಯಿತು. ಗೋಡೆಯ ಬಿರುಕು, ಮೊಳೆ, ಹಳೆಯ ಕ್ಯಾಲೆಂಡರು, ಎಲ್ಲವೂ ಕಂಡವು. ಎರಡು ವರ್ಷ ಅವನು ಮುಚ್ಚಿಟ್ಟಿದ್ದ ಬೆಳಕು ಅದು. ಅವನು ಚಾಲಕನ ಕಿಟಕಿಗೆ ಬಂದು ತಲೆ ತಗ್ಗಿಸಿ ನಿಂತ.

"ಇದು ಮೊದಲನೇ ದಿವಸ ಆಗಬೇಕಾದ ಕೆಲಸರಿ. ನನಗ ಗೊತ್ತಿತ್ತು. ದೀಪ ಚಲೋ ಆದ್ರ ನೀವು ಮತ್ತ ಬರೂದಿಲ್ಲಂತ ಬಿಟ್ಟಿದ್ದೆ. ಕಸಬಿಗೆ ದ್ರೋಹ ಮಾಡಿದೆ, ನಿಮ್ಮ ಜೀವದ ಜೋಡಿ ಆಟ ಆಡಿದೆ. ಬೈರಿ."

ಆಕೆ ಬೈಯಲಿಲ್ಲ. ದೀಪ ಆರಿಸಿದಳು, ಹಾಕಿದಳು. ಕಟ್.

"ಹತ್ತನೇ ಕ್ಲಾಸಿಗೆ ಪ್ರತಿ ವರ್ಷ ಓಮನ ನಿಯಮ ಕಲಸತೇನಿ. ಉದ್ದನ್ನ ಸಣ್ಣ ತಂತಿಯೊಳಗ ವೋಲ್ಟೇಜ್ ಬೀಳತೈತಿ ಅನ್ನೂದು ನನಗ ಗೊತ್ತಿರೂದಿಲ್ಲೇನ್ರಿ?"

ಅವನು ತಲೆಯೆತ್ತಿದ. "ಮತ್ತ ನೀವ್ಯಾಕ ಹೇಳಲಿಲ್ಲ?"

"ನೀವ್ಯಾಕ ಹೇಳಲಿಲ್ಲೋ, ಅದಕ್ಕ." ಆಕೆಯ ಕಿವಿಯ ಅಂಚು ಕೆಂಪೇರಿತು, ದನಿ ಮಾತ್ರ ಸಾಲೆಯದೇ. "ಆದ್ರ ಆ ಕಬ್ಬ ತಾಗಿದ ಮ್ಯಾಲ ಒಂದು ನಿರ್ಧಾರ ಮಾಡಿದ್ದೆ. ಈ ಕಬ್ಬಿನ ಗರಿ ನೋಡೀನೂ ನೀವು ಟರ್ಮಿನಲ್ ಒರಿಸಿ ಕಳಸಿದ್ರ, ಬ್ಯಾರೆ ಅಂಗಡಿಗೆ ಹೋಗಾಕಿದ್ದೆ. ತಿರುಗಿ ಬರತಿರಲಿಲ್ಲ."

ಜೇಬಿನಲ್ಲಿದ್ದ ಗರಿಯನ್ನು ಅವನು ಬೆರಳಿನಿಂದ ಮುಟ್ಟಿ ನೋಡಿಕೊಂಡ. ಎರಡು ವರ್ಷದ ರೂಢಿಯಿಂದ, "ಐದು ಆತ್ರಿ ಟೀಚರ್" ಎಂದ.

"ಆಗಲಿ." ಆಕೆ ಬಾಗಿಲು ತೆರೆದು ಇಳಿದಳು. "ಇನ್ನ ನನಗ್ಯಾಕ ಐದರ ಅವಸರ? ಅಕ್ಕಾರಿಗೆ ಇನ್ನೊಂದು ಚಾ ಹೇಳ್ರಿ."

ಒಳಗಿಂದ ತಾಯವ್ವನ ದನಿ ಬಂತು: "ಹೇಳೂದ ಬ್ಯಾಡ, ಇಟ್ಟೇನಿ!"

ರಾಜೇಶ್ವರಿ ಸೆರಗಿನ ಅಂಚಿನಲ್ಲಿ ನಗೆಯನ್ನು ಒರೆಸಿಕೊಂಡಳು. "ಮುಂದಿನ ರವಿವಾರ ಅವರನ್ನ ಕರಕೊಂಡು ಯರಗಟ್ಟಿಗೆ ಬರ್ರಿ. ಮನ್ಯಾಗ ಅವ್ವ ಅದಾಳ. ಹಿರೇರು ಹಿರೇರು ಮಾತಾಡಲಿ."

"ಅಕ್ಕ ಮಾತಿಗೆ ಕುಂತ್ರ ಹೊತ್ತಿನ ಖಬರ ಇರೂದಿಲ್ರಿ. ಕತ್ತಲಾಗತೈತಿ, ಬಸ್ ತಪ್ಪತೈತಿ."

"ತಪ್ಪಲಿ," ಎಂದಳು ಆಕೆ. "ನಾನ ತಂದು ಬಿಡತೇನಿ."