ಬೇಡ ಎಂದವರನ್ನು ಮತ್ತೆ ಕೇಳಬಾರದು

ಆ ಶುಕ್ರವಾರ ಅವಳು ಹನ್ನೊಂದು ಪೆಟ್ಟಿಗೆಗಳಿಗೆ ‘ಬೇಡ’ ಎಂದಳು. ಹನ್ನೊಂದನೆಯದು ತನಗಾಗಿಯೇ ಬರೆದದ್ದೆಂಬುದು ಅವಳಿಗೆ ತಿಳಿದದ್ದು ಏಳು ತಿಂಗಳು ಕಳೆದ ಮೇಲೆ.

ದರ್ಜಿಯ ಅಂಗಡಿಯ ಮೇಲಿನ ಎರಡು ಕೋಣೆಗಳೇ ಅವರ ಕಚೇರಿ. ಎದುರುಬದುರಾಗಿ ಕೂಡಿಸಿಟ್ಟ ಎರಡು ಮೇಜುಗಳಲ್ಲಿ ಒಂದು ಅವಳದು, ಇನ್ನೊಂದು ಅವನದು. ಕೆಳಗೆ ಹೊಲಿಗೆಯಂತ್ರ ಓಡಿದಾಗಲೆಲ್ಲ ನೆಲ ಸಣ್ಣಗೆ ನಡುಗಿ, ಅವಳ ಪೆನ್ನು ಉರುಳಿಕೊಂಡು ಅವನ ಕಡೆಗೆ ಹೋಗುತ್ತಿತ್ತು. ಅವನು ತಲೆಯೆತ್ತದೆ ಅಂಗೈಯಲ್ಲಿ ಅದನ್ನು ತಡೆದು ಹಿಂದಕ್ಕೆ ಉರುಳಿಸುತ್ತಿದ್ದ.

ಮುರಿದ ಕುರ್ಚಿ, ಸೋರುವ ನಲ್ಲಿ, ನಿಂತ ಗಡಿಯಾರಗಳನ್ನು ಮನೆಯಲ್ಲೇ ಸರಿಪಡಿಸಿಕೊಳ್ಳುವ ಬಗೆಯನ್ನು ಕಲಿಸುವ ವೆಬ್‌ಸೈಟ್ ಅವರದು. ಬರುವವರು ಸಾವಿರಾರು ಮಂದಿ. ನಲ್ಲಿ ಸರಿಹೋದ ಕೂಡಲೇ ಹಿಂದಿರುಗಿ ನೋಡದೆ ಹೊರಡುವವರೂ ಅಷ್ಟೇ ಮಂದಿ. ಹೋಗುವವರು ಇ-ಮೇಲ್ ವಿಳಾಸವೊಂದನ್ನು ಬಿಟ್ಟುಹೋದರೆ ವಾರಕ್ಕೊಂದು ಪತ್ರ ಕಳಿಸಬಹುದು. ಎಂದಾದರೊಂದು ದಿನ ಮತ್ತೆ ಬಂದಾರು. ಅದಕ್ಕಾಗಿಯೇ ಆ ಪೆಟ್ಟಿಗೆ. ಓದುಗನ ಮೌಸಿನ ಬಾಣವು ಪುಟವನ್ನು ಮುಚ್ಚಲೆಂದು ಮೂಲೆಯತ್ತ ಸರಿದ ಕ್ಷಣದಲ್ಲಿ ಪರದೆಯ ನಡುವೆ ಮೂಡಿ, ‘ಹೊರಡುವ ಮುನ್ನ ಒಂದು ಮಾತು’ ಎನ್ನುವ ಪಾಪ್-ಅಪ್. ಅದರೊಳಗಿನ ಮಾತು ಅವಳದು. ಅದು ಯಾರೆದುರು, ಯಾವಾಗ, ಎಷ್ಟು ಸಲ ಮೂಡಬೇಕೆಂಬ ಏರ್ಪಾಡು ಅವನದು.

ಹಾಗಾಗಿ ಅವಳು ಅವನನ್ನು ‘ದ್ವಾರಪಾಲಕರೇ’ ಎಂದು ಕರೆಯುತ್ತಿದ್ದಳು. ಅವನ ಬಾಯಲ್ಲಿ ಅವಳು ‘ಪಂಡಿತರು.’

“ಪಂಡಿತರೇ, ನಿಮ್ಮ ವಾಕ್ಯ ನನ್ನ ಪೆಟ್ಟಿಗೆಯಿಂದ ಹೊರಗೆ ಕಾಲು ಚಾಚಿದೆ.”

“ಪೆಟ್ಟಿಗೆ ದೊಡ್ಡದು ಮಾಡಿ. ಕಾಲು ಕತ್ತರಿಸೋಕೆ ಇದೇನು ಕೆಳಗಿನ ಅಂಗಡಿನಾ?”

ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಕೂದಲೆಳೆಯಷ್ಟು ಮೊದಲೇ ಮುಚ್ಚಿಕೊಳ್ಳುತ್ತಿತ್ತು. ಅದನ್ನು ನೋಡುವ ಆಸೆಗೆ ಅವಳು ದಿನಕ್ಕೊಂದು ಹೊಸ ಕೊಂಕನ್ನು ಹೊಸೆದುಕೊಂಡು ಮೆಟ್ಟಿಲು ಹತ್ತುತ್ತಿದ್ದಳು.

ವೆಬ್‌ಸೈಟಿನ ಯಜಮಾನರಿಗೂ ಅವಳಿಗೂ ಒಂದು ವಿಷಯದಲ್ಲಿ ಮಾತ್ರ ಎಣ್ಣೆ ಸೀಗೆಕಾಯಿ. ಒಲ್ಲೆನೆನ್ನುವವರು ಒತ್ತುವ ಬಟನ್ನಿನ ಮೇಲೆ ‘ಬೇಡ, ನನ್ನ ಕುರ್ಚಿ ಮುರಿದೇ ಇರಲಿ’ ಎಂದು ಬರೆಸಬೇಕೆಂಬುದು ಅವರ ಹಟ.

“ಬಾಗಿಲಲ್ಲಿ ನಿಂತವರನ್ನ ಹಂಗಿಸಿದ್ರೆ ಮತ್ತೆ ಈ ಕಡೆ ತಲೆ ಹಾಕ್ತಾರಾ ಸಾರ್? ‘ಬೇಡ’ ಅಂತ ಎರಡಕ್ಷರ ಸಾಕು.”

“ಆಯ್ತಮ್ಮ. ವಾರ ಬಿಟ್ಟು ಮತ್ತೆ ಕೇಳೋಣ ತಾನೆ?”

“ಕೇಳಬಾರದು. ಬೇಡ ಅಂದವರನ್ನ ಮತ್ತೆ ಕೇಳೋದು ಮರ್ಯಾದೆ ಅಲ್ಲ.”

“ಒಂದೇ ಸಲ ಕೇಳಿದ್ರೆ ಯಾರಮ್ಮ ಒಪ್ತಾರೆ? ನಮ್ಮ ಮನೆಯವಳು ನನ್ನ ಒಪ್ಪಿದ್ದು ನಾಲ್ಕನೇ ಸಲಕ್ಕೆ!”

“ಅದಕ್ಕೇ ಅವರು ಈಗಲೂ ನಿಟ್ಟುಸಿರು ಬಿಡೋದು.”

ಯಜಮಾನರು ನಕ್ಕು ಸೋತರು. ಎದುರು ಮೇಜಿನ ದ್ವಾರಪಾಲಕ ಆ ನಿಯಮವನ್ನು ಏರ್ಪಾಡಿನೊಳಗೆ ಸೇರಿಸಿದ: ಒಮ್ಮೆ ‘ಬೇಡ’ ಎಂದವರಿಗೆ ಮತ್ತೆಂದೂ ತೋರಿಸತಕ್ಕದ್ದಲ್ಲ. ವರ್ಷದೊಳಗೆ ಮುನ್ನೂರು ಚಂದಾದಾರರು ಒಂಬತ್ತು ಸಾವಿರವಾದರು. ಮರ್ಯಾದೆಗೆ ಮರ್ಯಾದೆ ಮರಳಿತೆಂದು ಅವಳು ಬೀಗಿದಳು.

ಶುಕ್ರವಾರ ಹೊಸ ಪೆಟ್ಟಿಗೆಗಳ ಪರೀಕ್ಷೆ. ಅದನ್ನು ಮಾಡುವವಳು ಅವಳೇ, ಅವಳ ಪದ್ಧತಿಯೂ ಒಂದೇ: ಮೊದಲು ‘ಬೇಡ’ ಒತ್ತಬೇಕು. ‘ಬೇಡ’ ಕೆಲಸ ಮಾಡದ ಪೆಟ್ಟಿಗೆ ಬೋನಿಗೆ ಸಮ ಎನ್ನುತ್ತಿದ್ದಳು.

ಆ ವಾರ ಯಜಮಾನರು ‘ಹೃದಯ ಮುಟ್ಟುವ’ ಸಾಲುಗಳು ಬೇಕೆಂದಿದ್ದರು. ಅವಳು ಬರೆದ ಹತ್ತು ಮುಗಿದ ಮೇಲೆ ಹನ್ನೊಂದನೆಯದೊಂದು ಮೂಡಿತು. ಆಗೊಮ್ಮೆ ಈಗೊಮ್ಮೆ ಅವನೂ ಒಂದು ಸಾಲು ಹೊಸೆಯುವುದಿತ್ತು. ಇದೂ ಅಂಥದೇ ಎಂದುಕೊಂಡಳು.

‘ಹೊರಡುವ ಮುನ್ನ ಒಂದು ಮಾತು. ಪ್ರತಿ ಸಂಜೆ ನೀವು ಹೋದ ಮೇಲೆ ಈ ಕೋಣೆಯಲ್ಲಿ ಸರಿಪಡಿಸಲು ಬಾರದ ಒಂದೇ ವಸ್ತು ಉಳಿಯುತ್ತದೆ, ಅದು ನಾನು. ಜೊತೆಗೆ ಇರುತ್ತೀರಾ?’ ಕೆಳಗೆ ಎರಡು ಬಟನ್: ‘ಇರುತ್ತೇನೆ’, ‘ಬೇಡ’.

ಅವಳು ಓದಿದಳು, ಹುಬ್ಬು ಗಂಟಿಕ್ಕಿದಳು, ಅಭ್ಯಾಸದಂತೆ ಒತ್ತಿದಳು.

“ಇಷ್ಟು ಭಾರ ಆಗಬಾರದು ದ್ವಾರಪಾಲಕರೇ. ನಲ್ಲಿ ರಿಪೇರಿಗೆ ಬಂದವರು ಹೆದರಿ ಓಡ್ತಾರೆ.”

ಅವನು ತನ್ನ ಕೀಲಿಮಣೆಯನ್ನೇ ನೋಡುತ್ತಿದ್ದ. “ಅಷ್ಟು ಭಾರ ಆಯ್ತಾ?”

“ಮಾತೇನೋ ಚೆನ್ನಾಗಿದೆ. ಆದ್ರೆ ಯಾರಿಗೆ ಹೇಳ್ತಿದೀರಿ ಅಂತಾನೇ ಗೊತ್ತಾಗಲ್ಲ.”

“ಬಟನ್ ಕೆಲಸ ಮಾಡ್ತಾ?”

“ಮಾಡದೆ ಏನು? ಒತ್ತಿದ ತಕ್ಷಣ ಮುಚ್ಕೊಳ್ತು.”

“ಸರಿ. ಇನ್ನು ತೋರಿಸಲ್ಲ,” ಎಂದ.

ಅಂದಿನಿಂದ ಅವನು ಬದಲಾದ. ಒರಟಾದನೆನ್ನುವಂತಿಲ್ಲ, ಒರಟಾಗಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಪೆನ್ನು ಉರುಳಿ ಹೋದರೆ ಹಿಂದಿರುಗಿಸುತ್ತಿದ್ದ, ಆದರೆ ಎತ್ತಿ, ಅಂಚಿನಲ್ಲಿ ನೆಟ್ಟಗಿಟ್ಟು. ಸಂಜೆ ಮೆಟ್ಟಿಲ ಬಳಿ ಅವಳು ಚೀಲದ ಜಿಪ್ ಹಾಕುವಷ್ಟು ಹೊತ್ತು ಕಾಯುತ್ತಿದ್ದವನು, ಈಗ ಕೆಲಸ ಉಳಿದಿದೆಯೆಂದು ಕುಳಿತೇ ಇರುತ್ತಿದ್ದ. ‘ಪಂಡಿತರೇ’ ಹೋಗಿ ‘ಮೇಡಂ’ ಬಂತು.

ಅವಳು ಅಕ್ಕನ ಮನೆಯಲ್ಲಿದ್ದಳು. ಒಣಗಿದ ಬಟ್ಟೆ ಮಡಚುತ್ತ ಕುಳಿತ ಒಂದು ಸಂಜೆ ಅಕ್ಕ ಕೇಳಿಯೇಬಿಟ್ಟಳು.

“ಅದೇ ಅಂಗಿ ಮೂರನೇ ಸಲ ಮಡಚ್ತಿದೀಯ. ಆ ದ್ವಾರಪಾಲಕ ಏನಂದ?”

“ಏನೂ ಅನ್ನಲಿಲ್ಲ. ಅದೇ.”

“ಹಾಗಾದ್ರೆ ನೀನು ಅನ್ನು. ಮುಖ ನೋಡದ ಒಂಬತ್ತು ಸಾವಿರ ಜನಕ್ಕೆ ಹೋಗಬೇಡಿ ಅಂತ ಬರೀತೀಯ. ಎದುರಿಗಿರೋ ಒಬ್ಬನಿಗೆ ಹೇಳೋಕೆ ನಾಲಿಗೆಗೆ ಏನು ಬಂದಿದೆ?”

“ಅವರಿಗೆ ಮನಸ್ಸಿದ್ದಿದ್ರೆ ಕೇಳ್ತಿದ್ರು ಅಕ್ಕ.”

“ಬಿಂಕ ಕಣೇ ನಿಂದು. ಅದು ಹೊಟ್ಟೆ ತುಂಬಿಸಲ್ಲ,” ಎಂದು ಅಕ್ಕ ಅಂಗಿಯನ್ನು ಕಿತ್ತುಕೊಂಡಳು.

ಕೇಳುವೆನೆಂದು ಅವಳು ಎರಡು ಬಾರಿ ಗಟ್ಟಿ ಮನಸ್ಸು ಮಾಡಿದ್ದುಂಟು. ಎರಡು ಬಾರಿಯೂ ಅವನ ‘ಹೇಳಿ ಮೇಡಂ’ ಎಂಬ ತಣ್ಣನೆಯ ವಿನಯದೆದುರು, ಬಂದ ಮಾತು ನುಂಗಿ, ಅಲ್ಪವಿರಾಮದ ವಿಷಯ ಮಾತಾಡಿ ಎದ್ದು ಬಂದಳು.

ಆರನೆಯ ತಿಂಗಳಲ್ಲಿ ಅವನು ರಾಜೀನಾಮೆ ಕೊಟ್ಟ. ಬೇರೆ ಊರಿನಲ್ಲಿ ಕೆಲಸ, ಅಲ್ಲೇ ಮದುವೆ. ತಾಯಿಯ ಗೆಳತಿಯ ಮಗಳು, ಶಾಲೆಯಲ್ಲಿ ಲೆಕ್ಕ ಕಲಿಸುವವಳು.

“ಹೇಗಿದಾರೆ?” ಎಂದು ಅವಳು ಕೇಳಿದಳು. ತನ್ನ ದನಿ ಎಷ್ಟು ಸರಾಗವಾಗಿ ಬಂತೆಂಬುದಕ್ಕೆ ತಾನೇ ಬೆರಗಾದಳು.

“ಒಳ್ಳೇವರು. ನನ್ನ ಮಾತಿಗೆ ನಗ್ತಾರೆ.”

ಕೊನೆಯ ದಿನ ಅವನು ತನ್ನ ಕೆಲಸವನ್ನೆಲ್ಲ ಅವಳಿಗೆ ಒಪ್ಪಿಸಿ, ಬೀಗದ ಕೈ ಕೊಟ್ಟುಬರಲು ಯಜಮಾನರ ಕೋಣೆಗೆ ಹೋಗಿದ್ದ. ಈವರೆಗಿನ ಪೆಟ್ಟಿಗೆಗಳ ಪಟ್ಟಿ ಪರದೆಯ ಮೇಲಿತ್ತು. ಯಾರಿಗೆ ತೋರಿಸಿದ್ದು, ಎಷ್ಟು ಮಂದಿ ನೋಡಿದರು, ಎಷ್ಟು ಮಂದಿ ಒಪ್ಪಿದರು. ಸಾವಿರಗಳ ಸಾಲುಗಳ ನಡುವೆ ನಲವತ್ತೊಂದನೆಯ ಸಾಲು ಹಲ್ಲಿಗೆ ಸಿಕ್ಕ ಕಲ್ಲಿನಂತೆ ಅವಳ ಕಣ್ಣಿಗೆ ತಾಕಿತು.

‘ಯಾರಿಗೆ: ಎದುರು ಮೇಜಿನ ಕಂಪ್ಯೂಟರ್ ಒಂದಕ್ಕೇ. ನೋಡಿದವರು: ಒಬ್ಬರು. ಒಪ್ಪಿದವರು: ಇಲ್ಲ. ಬೇಡ ಎಂದವರು: ಒಬ್ಬರು. ಮತ್ತೆ ತೋರಿಸಬೇಕೆ: ಕೂಡದು.’

ಪಕ್ಕದಲ್ಲಿ ದಿನಾಂಕ. ಆ ಶುಕ್ರವಾರ.

ಅವನು ಹಿಂದಿರುಗಿದಾಗ ಅವಳು ನಿಂತಿದ್ದಳು.

“ನಲವತ್ತೊಂದು,” ಎಂದಳು.

ಅವನ ಮುಖದ ಬಣ್ಣ ಇಳಿಯಿತು. “ಅಳಿಸಬೇಕು ಅಂತಿದ್ದೆ. ಕೈ ಬರಲಿಲ್ಲ.”

“ನಾನು ಒತ್ತಿದ್ದು ಬಟನ್ ಕೆಲಸ ಮಾಡುತ್ತಾ ಅಂತ ನೋಡೋಕೆ.”

ಅವನು ಕುರ್ಚಿಯ ಬೆನ್ನು ಹಿಡಿದುಕೊಂಡ.

“ನೀವು ಮೊದಲು ‘ಬೇಡ’ನೇ ಒತ್ತೋದು ಅಂತ ನನಗೆ ಗೊತ್ತಿತ್ತು. ಇದೊಂದನ್ನ ಮಾತ್ರ ಓದಿ ಒತ್ತುತ್ತೀರಿ ಅಂದ್ಕೊಂಡೆ.”

“ಓದಿದೆ. ಓದಿ, ತಿದ್ದಿದೆ.” ಅವಳು ನಗಲು ನೋಡಿದಳು, ನಗು ಅರ್ಧಕ್ಕೇ ಮುರಿಯಿತು. “ಮಾರನೇ ದಿನ ಬಾಯಿಬಿಟ್ಟು ಕೇಳಬಾರದಿತ್ತಾ? ಇನ್ನೊಂದೇ ಒಂದು ಸಲ?”

“ಬೇಡ ಅಂದವರನ್ನ...”

“ನನ್ನ ಮಾತು ನನಗೇ ಹೇಳಬೇಡಿ.”

ಕೆಳಗೆ ಹೊಲಿಗೆಯಂತ್ರ ಓಡಿ ನಿಂತಿತು. ಅವನು ಮೊದಲ ಬಾರಿಗೆ ನೇರವಾಗಿ ಅವಳ ಕಣ್ಣು ನೋಡಿದ. “ಅವತ್ತು ಬಾಯಲ್ಲೇ ಕೇಳಿದ್ದಿದ್ರೆ ಏನಂತಿದ್ರಿ ಪಂಡಿತರೇ?”

ಏಳು ತಿಂಗಳ ಮೇಲೆ ಕೇಳಿದ ಆ ಹೆಸರಿಗೆ ಅವಳ ಕಣ್ಣು ತುಂಬಿತು. ಎಂದೂ ಕಾಣದ ಒಬ್ಬ ಹೆಣ್ಣುಮಗಳು, ಎಲ್ಲೋ ಒಂದು ಶಾಲೆಯ ಕರಿಹಲಗೆಯ ಮುಂದೆ, ಇವನ ಯಾವುದೋ ಮಾತು ನೆನೆದು ನಗುತ್ತಿರುವುದು ಅವಳಿಗೆ ಕಂಡಿತು. ಇವನು ಕೊಟ್ಟ ಮಾತಿನ ಮೇಲೆ ಆಕೆ ಮನೆ ಕಟ್ಟುತ್ತಿದ್ದಾಳೆ.

“ಇರ್ತೀನಿ ಅಂತಿದ್ದೆ,” ಎಂದಳು. “ಅವತ್ತು ಅಂತಿದ್ದೆ. ಇವತ್ತು ಅನ್ನಲ್ಲ. ಹೋಗಿ, ಬಸ್ ತಪ್ಪುತ್ತೆ.”

ಅವನು ಮೆಟ್ಟಿಲಿಳಿದ. ಹದಿನೇಳು ಮೆಟ್ಟಿಲು, ಹನ್ನೆರಡನೆಯದರಲ್ಲಿ ಹೆಜ್ಜೆ ನಿಂತಿತು. ಅವಳು ಬಾಗಿಲ ಚೌಕಟ್ಟನ್ನು ಹಿಡಿದು ನಿಂತಳು. ಒಂದು ಮಾತು ಸಾಕಿತ್ತು. ಅಂಥ ಮಾತುಗಳನ್ನು ಬರೆಯುವುದೇ ಅವಳ ಕಸುಬು. ಅವಳು ಆಡಲಿಲ್ಲ. ಉಳಿದ ಐದು ಮೆಟ್ಟಿಲನ್ನೂ ಇಳಿದು ಅವನು ಬೀದಿಗೆ ಸೇರಿದ.

ಸೋಮವಾರ ಅವಳೇ ಯಜಮಾನರ ಮುಂದೆ ನಿಂತಳು.

“ಸಾರ್, ಬೇಡ ಅಂದವರನ್ನ ಇನ್ನೊಂದು ಸಲ ಕೇಳೋಣ.”

ಅವರು ಕನ್ನಡಕ ಸರಿಪಡಿಸಿಕೊಂಡರು. “ಮರ್ಯಾದೆ ಅಲ್ಲ ಅಂತಿದ್ದೆಯಲ್ಲಮ್ಮ?”

“ಕೆಲವರು ಅರ್ಥ ಆಗೋಕೆ ಮುಂಚೆನೇ ಒತ್ತಿಬಿಡ್ತಾರೆ ಸಾರ್.”

ಯಜಮಾನರು ಅವಳ ಮುಖ ನೋಡಿದರು. ನಾಲಿಗೆಯ ತುದಿಗೆ ಬಂದಿದ್ದ ಹಾಸ್ಯವೊಂದನ್ನು ಹಿಂದಕ್ಕೆ ತೆಗೆದುಕೊಂಡು, “ಮಾಡಮ್ಮ,” ಎಂದರಷ್ಟೆ.

ಅವಳು ಬರೆದಳು: ‘ಹಿಂದೊಮ್ಮೆ ಕೇಳಿದ್ದೆವು, ಆಗ ನಿಮ್ಮ ಮನಸ್ಸು ಬೇರೆ ಕೆಲಸದಲ್ಲಿದ್ದಿರಬಹುದು. ಇದು ಎರಡನೆಯ ಸಲ. ಇನ್ನು ಕೇಳುವುದಿಲ್ಲ.’

ಶುಕ್ರವಾರ ಪರೀಕ್ಷೆಗೆ ಕುಳಿತಾಗ ಪೆಟ್ಟಿಗೆ ಮೂಡಿತು. ಅವಳ ಬೆರಳು ಅಭ್ಯಾಸಬಲದಿಂದ ‘ಬೇಡ’ದ ಕಡೆಗೆ ಹೋಯಿತು. ಅದನ್ನು ಹಿಂದಕ್ಕೆಳೆದು, ತಾನೇ ಬರೆದ ಸಾಲನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದತೊಡಗಿದಳು. ಕೆಳಗೆ ಯಂತ್ರ ಓಡಿತು. ಪೆನ್ನು ಉರುಳುತ್ತ ಎದುರು ಮೇಜನ್ನು ದಾಟಿ, ಆ ಬದಿಯ ಖಾಲಿ ಕುರ್ಚಿಯ ಮೇಲೆ ಬಿದ್ದಿತು.